ಒಂದು ಟನ್ ಹೊಗೆಗೆ ಎರಡು ರಸೀದಿ!

ನಾನೊಬ್ಬ ಪ್ರಿಂಟಿಂಗ್ ಪ್ರೆಸ್ಸಿನವನು. ಪಿಯುಸಿ ಮುಗಿಸಿ ಟ್ರೆಡಲ್ ಮೆಷಿನ್ ಮುಂದೆ ನಿಂತವನು, ಇವತ್ತು ಆಫ್‌ಸೆಟ್ ಮೆಷಿನ್ ಇಟ್ಟುಕೊಂಡು ಮದುವೆ ಪತ್ರಿಕೆ, ಕರಪತ್ರ, ಬಿಲ್ ಪುಸ್ತಕ ಹೊಡೆದು ಹೊಟ್ಟೆ ಹೊರೆಯುತ್ತಿದ್ದೇನೆ. ಅರ್ಥಶಾಸ್ತ್ರ ಓದಿಲ್ಲ, ಪರಿಸರ ವಿಜ್ಞಾನವೂ ಗೊತ್ತಿಲ್ಲ. ಆದರೆ ರಸೀದಿ ಅಂದರೇನು ಎಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ!

ಕೆಲವು ವರ್ಷಗಳ ಹಿಂದೆ ಒಬ್ಬ ವ್ಯಾಪಾರಿ ನನ್ನ ಪ್ರೆಸ್ಸಿಗೆ ಬಂದ. ಬಿಲ್ ಪುಸ್ತಕ ಬೇಕು ಅಂದ. ನಂಬರ್ ಎಷ್ಟರಿಂದ ಎಷ್ಟು ಅಂತ ಕೇಳಿದೆ. "1ರಿಂದ 500. ಆದರೆ ಅದೇ ನಂಬರಿನಲ್ಲಿ ಎರಡು ಸೆಟ್ ಹೊಡೆದುಕೊಡಿ" ಅಂದ. ಒಂದು ಸೆಟ್ ತೆರಿಗೆಯವರಿಗೆ, ಇನ್ನೊಂದು ಗಿರಾಕಿಗಳಿಗೆ! ನಾಲ್ಕು ಕಾಸು ಜಾಸ್ತಿ ಕೊಡುತ್ತೇನೆ ಅಂತಲೂ ಹೇಳಿದ. "ಸ್ವಾಮಿ, ಬಂದ ದಾರಿಗೆ ಸುಂಕವಿಲ್ಲ, ಹೊರಡಿ" ಅಂದೆ. ನಂಬರಿಂಗ್ ಮೆಷಿನ್ ಒಮ್ಮೆ ಒತ್ತಿದ ನಂಬರು ಎರಡನೇ ಸಲ ಬರಬಾರದು. ಒಂದು ಮಾಲಿಗೆ ಒಂದೇ ರಸೀದಿ. ಅದು ನಮ್ಮ ಕಸುಬಿನ ಧರ್ಮ.

ಆ ವ್ಯಾಪಾರಿ ಬೀದಿ ಮೂಲೆಯ ಸಣ್ಣ ಮನುಷ್ಯ. ಸಿಕ್ಕಿಬಿದ್ದಿದ್ದರೆ ಕೋರ್ಟು ಕಚೇರಿ ಅಲೆಯಬೇಕಿತ್ತು. ಅದೇ ಎರಡು ರಸೀದಿಯ ಕೆಲಸವನ್ನು ಜಗತ್ತಿನ ದೈತ್ಯ ಎಣ್ಣೆ ಕಂಪನಿಯೊಂದು ಸರ್ಕಾರದ ಒಪ್ಪಿಗೆ ಪಡೆದೇ ವರ್ಷಗಟ್ಟಲೆ ಮಾಡಿತು. ಯಾರೂ ಜೈಲಿಗೆ ಹೋಗಲಿಲ್ಲ. ಯಾಕೆಂದರೆ ಅದು ಕಾನೂನುಬದ್ಧ! ಆ ರಸೀದಿಯ ಹೆಸರು ಕಾರ್ಬನ್ ಕ್ರೆಡಿಟ್.

ಏನಿದು ಕಾರ್ಬನ್ ಕ್ರೆಡಿಟ್?

ನನಗೆ ಗೊತ್ತಿದ್ದ ಕಾರ್ಬನ್ ಒಂದೇ. ಬಿಲ್ ಪುಸ್ತಕದಲ್ಲಿ ಎರಡು ಹಾಳೆಗಳ ನಡುವೆ ಇಡುವ ನೀಲಿ ಹಾಳೆ. ಈ ಕಾರ್ಬನ್ ಬೇರೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಉರಿದಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆಕಾಶದಲ್ಲಿ ಅದು ಹೆಚ್ಚಾದಷ್ಟೂ ಭೂಮಿ ಕಾಯುತ್ತದೆ, ಮಳೆ ಹದ ತಪ್ಪುತ್ತದೆ. 1997ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಸೇರಿದ ಶ್ರೀಮಂತ ದೇಶಗಳು ಈ ಹೊಗೆ ಇಳಿಸುತ್ತೇವೆ ಎಂದು ಮಾತು ಕೊಟ್ಟವು. 2005ರ ಫೆಬ್ರವರಿಯಲ್ಲಿ ಆ ಒಪ್ಪಂದ ಜಾರಿಗೆ ಬಂತು.

ಆದರೆ ಕೋಟೆ ಕಟ್ಟುವಾಗಲೇ ಒಂದು ಕಿಂಡಿ ಬಿಟ್ಟಿದ್ದರು. ನಿಮ್ಮ ದೇಶದಲ್ಲಿ ಹೊಗೆ ಇಳಿಸುವುದು ದುಬಾರಿಯೇ? ಚಿಂತೆ ಬೇಡ. ಭಾರತದಲ್ಲೋ ಚೀನಾದಲ್ಲೋ ಯಾರಾದರೂ ಇಳಿಸಲಿ, ಅವರಿಂದ ರಸೀದಿ ಕೊಂಡುಕೊಳ್ಳಿ. ಒಂದು ಟನ್ ಹೊಗೆ ಉಳಿಸಿದ್ದಕ್ಕೆ ಒಂದು ರಸೀದಿ. ನಿಮ್ಮ ಚಿಮಣಿ ಎಂದಿನಂತೆ ಉರಿಯಲಿ!

ಈ ವ್ಯಾಪಾರದಲ್ಲಿ ಒಂದು ವಿಚಿತ್ರ ಇದೆ, ಗಮನಿಸಿ. ಅಕ್ಕಿ ಮಾರುವವನ ಹತ್ತಿರ ಅಕ್ಕಿ ಇರುತ್ತದೆ, ತೂಗಿ ನೋಡಬಹುದು. ಇಲ್ಲಿ ಮಾರುವ ಮಾಲು ಯಾವುದು? ಹೊರಗೆ ಬಾರದ ಹೊಗೆ! "ನಾನು ಈ ಯೋಜನೆ ಮಾಡದಿದ್ದರೆ ಇಷ್ಟು ಹೊಗೆ ಬರುತ್ತಿತ್ತು, ಮಾಡಿದ್ದರಿಂದ ಬರಲಿಲ್ಲ" ಎಂಬ ಒಂದು ಕಥೆ. ಬಾರದ ಹೊಗೆಯನ್ನು ಕಂಡವರು ಯಾರು? ಅಳೆದವರು ಯಾರು? ಕಥೆ ಚೆನ್ನಾಗಿ ಬರೆದವನಿಗೆ ರಸೀದಿ, ರಸೀದಿ ಹಿಡಿದವನಿಗೆ ದುಡ್ಡು.

ಶೆಲ್ ಕಂಪನಿಯ ಎರಡು ಸೆಟ್

ಈಗ ಆ ಎಣ್ಣೆ ಕಂಪನಿಗೆ ಬರೋಣ. ಹೆಸರು ಶೆಲ್. ನಿಮಗೆ ಹೊಸದಲ್ಲ. ಬೆಂಗಳೂರಿನಲ್ಲಿ ಅದರ ಪೆಟ್ರೋಲ್ ಬಂಕುಗಳಿವೆ, ವಿಮಾನ ನಿಲ್ದಾಣದ ಕಡೆ ಹೋದರೆ ದೊಡ್ಡ ತಂತ್ರಜ್ಞಾನ ಕೇಂದ್ರವೂ ಇದೆ. ನಿಮ್ಮಲ್ಲೇ ಯಾರೋ ಅಲ್ಲಿ ಕೆಲಸದಲ್ಲಿರಬಹುದು.

ಕೆನಡಾ ದೇಶದ ಆಲ್ಬರ್ಟಾ ಪ್ರಾಂತ್ಯದಲ್ಲಿ ಎಣ್ಣೆ ಬೆರೆತ ಮರಳಿನ ರಾಶಿಯಿದೆ. ಅದರಿಂದ ತೆಗೆದ ಟಾರಿನಂಥ ಗಟ್ಟಿ ಎಣ್ಣೆಯನ್ನು ಹದ ಮಾಡುವ ಶೆಲ್ ಕಾರ್ಖಾನೆ ಎಡ್ಮಂಟನ್ ನಗರದ ಬಳಿ ಸ್ಕಾಟ್‌ಫೋರ್ಡ್‌ನಲ್ಲಿತ್ತು. 2015ರ ನವೆಂಬರಿನಲ್ಲಿ ಅಲ್ಲಿ 'ಕ್ವೆಸ್ಟ್' ಎಂಬ ಘಟಕ ಶುರುವಾಯಿತು. ಕಾರ್ಖಾನೆಯಿಂದ ಬರುವ ಇಂಗಾಲದ ಡೈಆಕ್ಸೈಡಿನಲ್ಲಿ ಒಂದು ಪಾಲನ್ನು ಹಿಡಿದು, ಕೊಳವೆಯಲ್ಲಿ ಸಾಗಿಸಿ, ಸುಮಾರು ಎರಡು ಕಿಲೋಮೀಟರ್ ಆಳದ ಬಂಡೆಯೊಳಗೆ ತುಂಬುವುದು ಅದರ ಕೆಲಸ. ವರ್ಷಕ್ಕೆ ಸುಮಾರು 10 ಲಕ್ಷ ಟನ್. ಕೆಲಸವೇನೋ ನಿಜ, ಅನಿಲ ನೆಲದೊಳಕ್ಕೆ ಹೋದದ್ದೂ ನಿಜ. ಅದಕ್ಕಾಗಿ ಆಲ್ಬರ್ಟಾ ಸರ್ಕಾರ 74.5 ಕೋಟಿ, ಕೆನಡಾ ಕೇಂದ್ರ ಸರ್ಕಾರ 12 ಕೋಟಿ ಕೆನಡಾ ಡಾಲರ್ ಸಹಾಯಧನವನ್ನೂ ಕೊಟ್ಟವು. ಜನರ ದುಡ್ಡು!

ಇಷ್ಟು ಸಾಲದು ಎಂದು ಆಲ್ಬರ್ಟಾ ಸರ್ಕಾರ ಇನ್ನೊಂದು ವರ ಕೊಟ್ಟಿತು. ಒಂದು ಟನ್ ನೆಲದೊಳಗೆ ಹಾಕಿದರೆ ಎರಡು ಟನ್ನಿನ ಕ್ರೆಡಿಟ್! ನನ್ನ ಪ್ರೆಸ್ಸಿಗೆ ಬಂದ ವ್ಯಾಪಾರಿಯ ಲೆಕ್ಕವೇ ಇದು. 2015ರಿಂದ 2021ರ ನಡುವೆ ಹೀಗೆ ಮಾಲಿಲ್ಲದೆ ಹುಟ್ಟಿದ ರಸೀದಿಗಳು 57 ಲಕ್ಷ ಟನ್ನಿನವು. ಅವುಗಳನ್ನು ಮಾರಿ ಬಂದ ದುಡ್ಡು 20.3 ಕೋಟಿ ಕೆನಡಾ ಡಾಲರ್. ನಮ್ಮ ಲೆಕ್ಕದಲ್ಲಿ ಸಾವಿರದ ಇನ್ನೂರು ಕೋಟಿ ರೂಪಾಯಿಯ ಆಸುಪಾಸು. ಕೊಂಡವರು ಯಾರು? ಷೆವ್ರಾನ್, ಸನ್‌ಕೋರ್, ಇಂಪೀರಿಯಲ್, ಕೊನೊಕೊಫಿಲಿಪ್ಸ್‌ನಂಥ ಎಣ್ಣೆ ಕಂಪನಿಗಳೇ. ಆ ರಸೀದಿ ತೋರಿಸಿ ತಾವು ಹೊಗೆ ಇಳಿಸಿದ್ದೇವೆ ಎಂದು ಲೆಕ್ಕ ಒಪ್ಪಿಸಿದರು. ಕಳ್ಳನೂ ನಮ್ಮವನೇ, ಜಾಮೀನುದಾರನೂ ನಮ್ಮವನೇ!

2024ರ ಮೇ ತಿಂಗಳಲ್ಲಿ ಗ್ರೀನ್‌ಪೀಸ್ ಸಂಸ್ಥೆ ದಾಖಲೆ ಕೆದಕಿ ಇದನ್ನು ಹೊರಗೆಡವಿತು. 2022ರಲ್ಲೇ ಆ ಎರಡು ರಸೀದಿ ಪದ್ಧತಿ ನಿಂತಿತ್ತು. ಆದರೆ ಮಾರಿದ ರಸೀದಿ ವಾಪಸ್ ಬರಲಿಲ್ಲ, ಹೋದ ಹೊಗೆ ಕೆಳಗಿಳಿಯಲಿಲ್ಲ.

ಇದು ಒಂದು ಕಡೆಯ ಕಥೆಯಲ್ಲ. ಚೀನಾದ ಭತ್ತದ ಗದ್ದೆಗಳಿಗೆ ಬನ್ನಿ. ಗದ್ದೆಯಲ್ಲಿ ಸದಾ ನೀರು ನಿಂತರೆ ಮೀಥೇನ್ ಅನಿಲ ಏಳುತ್ತದೆ. ಆಗಾಗ ನೀರು ಬಸಿದರೆ ಕಡಿಮೆ. ಹೀಗೆ ಬಸಿಯುವುದನ್ನು ರೈತರಿಗೆ ಕಲಿಸಿ ಅನಿಲ ಉಳಿಸಿದ್ದೇವೆ ಎಂದು ಕ್ರೆಡಿಟ್ ಹುಟ್ಟಿಸಿದರು. 2024ರ ಆಗಸ್ಟಿನಲ್ಲಿ, ಇಂಥ ಕ್ರೆಡಿಟ್ಟುಗಳಿಗೆ ಮುದ್ರೆ ಒತ್ತುವ ಅಮೆರಿಕದ ವೆರ್ರಾ ಸಂಸ್ಥೆಯೇ ಆ 37 ಯೋಜನೆಗಳನ್ನು ತಿರಸ್ಕರಿಸಿತು. ಅವುಗಳಲ್ಲಿ 10ರಲ್ಲಿ ಶೆಲ್ ಕೈಜೋಡಿಸಿತ್ತು! ಮುದ್ರೆ ಒತ್ತಿದವನೇ ಮುದ್ರೆ ಅಳಿಸಬೇಕಾಯಿತು.

ನಮ್ಮ ದೇಶ ಸಾಚಾ ಅಂದುಕೊಂಡಿರಾ?

ಬಿಳಿಯರನ್ನು ಬೈದು ಕೈ ತೊಳೆದುಕೊಳ್ಳುವ ಹಾಗಿಲ್ಲ ಗೆಳೆಯರೇ. ಫ್ರಿಜ್ಜಿಗೆ ಬೇಕಾದ ಅನಿಲ ತಯಾರಿಸುವಾಗ ಎಚ್‌ಎಫ್‌ಸಿ-23 ಎಂಬ ಕೆಟ್ಟ ಅನಿಲವೊಂದು ಹುಟ್ಟುತ್ತದೆ. ಆಗಿನ ಲೆಕ್ಕದಲ್ಲಿ ಅದರ ಒಂದು ಟನ್, ಇಂಗಾಲದ ಡೈಆಕ್ಸೈಡಿನ 11,700 ಟನ್ನಿಗೆ ಸಮ. ಅಂದರೆ ಒಂದು ಟನ್ ಸುಟ್ಟರೆ 11,700 ರಸೀದಿ! ಗುಜರಾತಿನ ಗುಜರಾತ್ ಫ್ಲೋರೋಕೆಮಿಕಲ್ಸ್, ರಾಜಸ್ಥಾನದ ಎಸ್‌ಆರ್‌ಎಫ್ ಕಾರ್ಖಾನೆಗಳು ಮತ್ತು ಚೀನಾದ ಹಲವು ಕಾರ್ಖಾನೆಗಳು ಇದನ್ನು ಸುಟ್ಟು ರಾಶಿರಾಶಿ ಕ್ರೆಡಿಟ್ ಪಡೆದವು. 2007ರಲ್ಲಿ ಮೈಕೆಲ್ ವಾರಾ ಎಂಬ ಅಮೆರಿಕದ ವಿದ್ವಾಂಸರು ಲೆಕ್ಕ ಹಾಕಿ ತೋರಿಸಿದರು. ಈ ಅನಿಲ ಸುಡುವ ಯಂತ್ರಗಳಿಗೆ ಜಗತ್ತಿನಲ್ಲಿ ತಗಲುವ ಖರ್ಚು ಸುಮಾರು 10 ಕೋಟಿ ಯೂರೋ, ಹುಟ್ಟುವ ಕ್ರೆಡಿಟ್ಟಿನ ಬೆಲೆ 470 ಕೋಟಿ ಯೂರೋ ತನಕ! ಅಸಲು ಮಾಲಿಗಿಂತ ಕಸಕ್ಕೇ ಬೆಲೆ ಬಂದರೆ ಯಾರು ತಾನೇ ಕಸ ಕಡಿಮೆ ಮಾಡುತ್ತಾರೆ? ಕೊನೆಗೆ 2013ರ ಮೇ ತಿಂಗಳಿಂದ ಯೂರೋಪು ಈ ರಸೀದಿಗಳನ್ನು ಬೇಡವೆಂದಿತು. 2016ರಲ್ಲಿ ನಮ್ಮ ಕೇಂದ್ರ ಸರ್ಕಾರ, ಈ ಅನಿಲವನ್ನು ಕಂಪನಿಗಳು ತಮ್ಮದೇ ಖರ್ಚಿನಲ್ಲಿ ಸುಡಬೇಕು ಎಂದು ಆಜ್ಞೆ ಮಾಡಿತು. ಒಂದು ಆಜ್ಞೆಯಲ್ಲಿ ಮುಗಿಯುವ ಕೆಲಸಕ್ಕೆ ಅಷ್ಟು ವರ್ಷ ಊರು ಕೊಳ್ಳೆ ಹೋಯಿತು!

ಚಿತ್ರದುರ್ಗದ ಗಾಳಿ, ಇಂಗ್ಲಿಷಿನ ಕಾಗದ

ಈಗ ನಮ್ಮ ಮನೆ ಬಾಗಿಲಿಗೆ ಬನ್ನಿ. ಬೆಂಗಳೂರಿನಿಂದ ಹುಬ್ಬಳ್ಳಿ ಬಸ್ಸು ಹತ್ತಿದರೆ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ಕಾಣುತ್ತದೆ. ಗದಗದ ಕಪ್ಪತಗುಡ್ಡದ ಸಾಲಿನಲ್ಲೂ ಇವೆ. ಕಿಟಕಿಯಿಂದ ಫೋಟೋ ತೆಗೆದು ಖುಷಿಪಟ್ಟಿದ್ದೀರಿ ಅಲ್ಲವೇ? ಕ್ಯೋಟೋ ಒಪ್ಪಂದದಡಿ ಕ್ರೆಡಿಟ್ಟಿಗಾಗಿ ನೋಂದಾಯಿಸಿದ ಯೋಜನೆಗಳಲ್ಲಿ ಚಿತ್ರದುರ್ಗದ ಗಾಳಿಯಂತ್ರಗಳೂ ಇದ್ದವು. ಚೀನಾ ಬಿಟ್ಟರೆ ಇಂಥ ಯೋಜನೆಗಳನ್ನು ಅತಿ ಹೆಚ್ಚು ನೋಂದಾಯಿಸಿದ ದೇಶ ನಮ್ಮದೇ.

ನೋಂದಣಿಗೆ ಒಂದು ಶರತ್ತಿತ್ತು. "ಕ್ರೆಡಿಟ್ಟಿನ ದುಡ್ಡು ಬಾರದಿದ್ದರೆ ಈ ಯೋಜನೆ ಆಗುತ್ತಲೇ ಇರಲಿಲ್ಲ" ಎಂದು ತೋರಿಸಬೇಕು. ಹೇಗಿದ್ದರೂ ಕಟ್ಟುವ ಗಾಳಿಯಂತ್ರಕ್ಕೆ ಕ್ರೆಡಿಟ್ ಕೊಟ್ಟರೆ ಅದು ಮಾಲಿಲ್ಲದ ರಸೀದಿ. ಆ ರಸೀದಿಯನ್ನು ಕೊಂಡ ವಿದೇಶಿ ಕಂಪನಿ ಅದರ ಬಲದಿಂದ ಇನ್ನಷ್ಟು ಹೊಗೆ ಉಗುಳುತ್ತದೆ. 2021ರಲ್ಲಿ ನಾಲ್ವರು ಅರ್ಥಶಾಸ್ತ್ರಜ್ಞರು ಭಾರತದ ಸಾವಿರಕ್ಕೂ ಹೆಚ್ಚು ಗಾಳಿ ವಿದ್ಯುತ್ ಘಟಕಗಳ ಲೆಕ್ಕ ಪರಿಶೀಲಿಸಿದರು. ಒಪ್ಪಿಗೆ ಪಡೆದ ಕ್ರೆಡಿಟ್ಟುಗಳಲ್ಲಿ ಕನಿಷ್ಠ ಶೇಕಡಾ 52ರಷ್ಟು, ಹೇಗಿದ್ದರೂ ಕಟ್ಟುತ್ತಿದ್ದ ಘಟಕಗಳಿಗೇ ಹೋಗಿವೆ ಎಂದರು. ನೂರರಲ್ಲಿ ಐವತ್ತೆರಡು!

ಇದನ್ನು ಹಳ್ಳಿಯವರೇ ಕೇಳಬಹುದಿತ್ತಲ್ಲ? ನಿಯಮದಲ್ಲಿ ಸ್ಥಳೀಯರ ಅಭಿಪ್ರಾಯ ಕೇಳಬೇಕು ಅಂತಲೂ ಇತ್ತು. ಆದರೆ ಯೋಜನೆಯ ಮೂಲ ದಾಖಲೆ ಇಂಗ್ಲಿಷಿನಲ್ಲೇ ಇರಬೇಕು ಎಂಬುದೂ ನಿಯಮವಾಗಿತ್ತು! ಅದನ್ನು ವಿಶ್ವಸಂಸ್ಥೆಯ ಜಾಲತಾಣದಲ್ಲಿ 30 ದಿನ ಇಡುತ್ತಿದ್ದರು, ತಕರಾರಿದ್ದರೆ ಹೇಳಬಹುದಿತ್ತು. ಯಾರು ಹೇಳಬೇಕು ಸ್ವಾಮಿ? ಗುಡ್ಡದ ಕೆಳಗೆ ಕುರಿ ಮೇಯಿಸುವ ಮುದುಕಪ್ಪ ವಿಶ್ವಸಂಸ್ಥೆಯ ಇಂಗ್ಲಿಷ್ ಓದಿ ಪತ್ರ ಬರೆಯಬೇಕೇ? ಗಾಳಿ ನಮ್ಮದು, ಗುಡ್ಡ ನಮ್ಮದು, ಕಾಗದ ಮಾತ್ರ ಅವರದು!

ನನ್ನ ಕೈಯಲ್ಲೇ ಹಾದುಹೋದ ಒಂದು ಸಂಗತಿ ಹೇಳುತ್ತೇನೆ. ಒಮ್ಮೆ ಒಂದು ಕಂಪನಿಯ ಹುಡುಗ ಇಂಥದೇ ಯೋಜನೆಯ ಕೆಲಸ ಹಿಡಿದು ಬಂದ. ನುಣುಪು ಕಾಗದದಲ್ಲಿ, ನಾಲ್ಕು ಬಣ್ಣದಲ್ಲಿ ಇಂಗ್ಲಿಷ್ ಪುಸ್ತಕ. ಜೊತೆಗೆ ಹಳ್ಳಿಯ ಸಭೆಗೆ ಕನ್ನಡದ ಕರಪತ್ರ, ಬರೀ 50 ಪ್ರತಿ, ಅಗ್ಗದ ಕಾಗದ ಸಾಕಂತೆ. ಕನ್ನಡದ ಪ್ರೂಫ್ ನೋಡಿ ನಾನು ದಂಗಾದೆ. ಕಾರ್ಬನ್ ಕ್ರೆಡಿಟ್ ಎಂಬುದಕ್ಕೆ ಯಾರೋ ಪುಣ್ಯಾತ್ಮ "ಇಂಗಾಲದ ಸಾಲ" ಎಂದು ಬರೆದಿದ್ದ! "ತಮ್ಮಾ, ಹೀಗೆ ಹೊಡೆದರೆ ಸಾಲ ವಸೂಲಿಗೆ ಬಂದರು ಅಂತ ಜನ ಊರು ಬಿಟ್ಟು ಓಡುತ್ತಾರೆ" ಅಂದೆ. ಅವನು ಹೇಳಿದ್ದು ಕೇಳಿ: "ಇರಲಿ ಬಿಡಿ ಸಾರ್, ಸಭೆ ಮಾಡಿದ್ದಕ್ಕೆ ಫೋಟೋ, ಕರಪತ್ರ ಇದ್ದರೆ ಸಾಕು. ಯಾರು ಓದುತ್ತಾರೆ?"

ಇದು ಬರೀ ಅನುವಾದದ ತಪ್ಪಲ್ಲ. ಓದುವವರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ ಸೊಕ್ಕು. ಒಂದು ಮಾತು ಮಾತ್ರ ಒಪ್ಪಬೇಕು, ಆ ಪುಣ್ಯಾತ್ಮ ತಿಳಿಯದೆ ನಿಜ ಬರೆದಿದ್ದ. ಮಾಲಿಲ್ಲದ ರಸೀದಿ ಸಾಲವೇ ಅಲ್ಲವೇ? ಇವತ್ತು ಕಂಪನಿ ಪಡೆಯುತ್ತದೆ, ನಾಳೆ ನಿಮ್ಮ ಮಕ್ಕಳು ಬಿಸಿಲಲ್ಲಿ, ಬರದಲ್ಲಿ ತೀರಿಸುತ್ತಾರೆ.

ಹಾಗಾದರೆ ಎಲ್ಲವೂ ಮೋಸವೇ?

ಗಾಳಿಯಂತ್ರ ಬೇಡವೇ, ಕಲ್ಲಿದ್ದಲೇ ಇರಲಿ ಎನ್ನುತ್ತೀಯಾ ಎಂದು ನೀವು ಕೇಳಬಹುದು. ಅಲ್ಲ ಗೆಳೆಯರೇ! ಗಾಳಿಯಂತ್ರ ಬೇಕು, ಸೌರ ವಿದ್ಯುತ್ ಬೇಕು. ಅದು ಬಂದದ್ದಕ್ಕೆ ನನಗೆ ಸಂತೋಷವೇ. ಅದೇ ಗಾಳಿಯಂತ್ರವನ್ನು ತೋರಿಸಿ ಇನ್ನೊಬ್ಬ ತನ್ನ ಚಿಮಣಿಗೆ ಪರವಾನಗಿ ಪಡೆಯುತ್ತಾನಲ್ಲ, ನನ್ನ ಜಗಳ ಅಲ್ಲಿ.

ನೆಟ್ಟಗೆ ಮಾಡಿದ ಕೆಲಸವೂ ನಮ್ಮ ನೆಲದಲ್ಲೇ ಇದೆ. ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿ ಕಡೆ ಕೂಲಿ ಸಂಘದ 5,500 ಬಡ ಕುಟುಂಬಗಳಿಗೆ ಗೋಬರ್ ಗ್ಯಾಸ್ ಕಟ್ಟಿಸುವ ಯೋಜನೆ 2005ರ ಡಿಸೆಂಬರಿನಲ್ಲಿ ಇದೇ ಕ್ಯೋಟೋ ಪದ್ಧತಿಯಲ್ಲಿ ನೋಂದಣಿಯಾಯಿತು. ಕೂಲಿ ಮಾಡುವವನು ಸ್ವಂತ ದುಡ್ಡಲ್ಲಿ ಗೋಬರ್ ಗ್ಯಾಸ್ ಕಟ್ಟಲಾರ. ಆದ್ದರಿಂದ ಕ್ರೆಡಿಟ್ಟಿನ ದುಡ್ಡು ಬಂದರೇ ಅಲ್ಲಿ ಒಲೆ ಬದಲಾಗುವುದು. ಹೆಣ್ಣುಮಕ್ಕಳು ಸೌದೆ ಹೊಗೆಯಿಂದ ಪಾರಾದದ್ದನ್ನು ಯಾರು ಬೇಕಾದರೂ ಅಡುಗೆಮನೆಗೆ ಹೋಗಿ ನೋಡಬಹುದು. ಮಾಲು ಕಣ್ಣೆದುರಿಗಿದೆ, ಲೆಕ್ಕ ಜನರ ಕೈಯಲ್ಲಿದೆ.

ಆದರೆ ಸಂತೆಗೆ ಇದೆಲ್ಲ ಕಾಣುವುದಿಲ್ಲ. 2008ರಲ್ಲಿ ಒಂದು ಕ್ಯೋಟೋ ಕ್ರೆಡಿಟ್ಟಿಗೆ 20 ಯೂರೋಗೂ ಹೆಚ್ಚು ಬೆಲೆಯಿತ್ತು. 2012ರ ಕೊನೆಗೆ ಒಂದು ಯೂರೋ ಕೂಡ ಇರಲಿಲ್ಲ! ಅಗ್ಗದ ರಸೀದಿ ರಾಶಿ ಬಿದ್ದಾಗ ಸಾಚಾ ರಸೀದಿಯೂ ಅದೇ ತಕ್ಕಡಿಗೆ ಬೀಳುತ್ತದೆ. ಕಳ್ಳನೋಟು ಹೆಚ್ಚಾದ ಸಂತೆಯಲ್ಲಿ ಒಳ್ಳೆ ನೋಟನ್ನೂ ಅನುಮಾನದಿಂದ ನೋಡುತ್ತಾರೆ. ಕ್ರೆಡಿಟ್ ನಂಬಿದ ಬಡವನಿಗೆ ಹೊಡೆತ ಬೀಳುವುದು ಹೀಗೆ.

ಈಗ ನಮ್ಮದೇ ಸಂತೆ ಶುರು

ಇಷ್ಟೆಲ್ಲ ಹಳೇ ಪುರಾಣ ಯಾಕೆ ಅಂದಿರಾ? ಈ ಸಂತೆ ಈಗ ನಮ್ಮ ದೇಶದೊಳಗೇ ಕೂರುತ್ತಿದೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಯಿತು. 2023ರ ಜೂನಿನಲ್ಲಿ ಕೇಂದ್ರ ಸರ್ಕಾರ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಪ್ರಕಟಿಸಿತು. 2025ರ ಅಕ್ಟೋಬರಿನಲ್ಲಿ ಮೊದಲ ಕಂತಾಗಿ ಸಿಮೆಂಟು, ಅಲ್ಯೂಮಿನಿಯಂ, ಕಾಗದ ಮತ್ತು ಕಾಸ್ಟಿಕ್ ಸೋಡಾ-ಕ್ಲೋರಿನ್ ಕಾರ್ಖಾನೆಗಳಿಗೆ ಹೊಗೆಯ ಗುರಿ ಗೊತ್ತುಮಾಡಿತು. ಕಲಬುರಗಿ ಸೀಮೆಯ ಸಿಮೆಂಟು, ನನ್ನ ಮೆಷಿನ್ ಮೇಲೆ ಓಡುವ ದಾಂಡೇಲಿಯ ಕಾಗದ, ಎಲ್ಲವೂ ಈ ಲೆಕ್ಕದ ಬಾಬತ್ತು. ಗುರಿಗಿಂತ ಕಡಿಮೆ ಹೊಗೆ ಬಿಟ್ಟವನು ಕ್ರೆಡಿಟ್ ಮಾರಬಹುದು, ಮೀರಿದವನು ಕೊಳ್ಳಬೇಕು.

ಒಳ್ಳೆಯದೇ. ಆದರೆ ಸಣ್ಣ ಅಕ್ಷರ ಓದಿ. ಗುರಿ ಇರುವುದು ಒಟ್ಟು ಹೊಗೆಗಲ್ಲ, ಒಂದು ಟನ್ ಮಾಲಿಗೆ ಇಷ್ಟು ಹೊಗೆ ಎಂದು. ನನ್ನ ಪ್ರೆಸ್ಸಿನಲ್ಲಿ ರೀಮಿಗೆ ಇಪ್ಪತ್ತು ಹಾಳೆ ಹಾಳಾಗುತ್ತಿದ್ದದ್ದು ಹದಿನೈದಕ್ಕೆ ಇಳಿದರೂ, ಕೆಲಸ ಎರಡು ಪಟ್ಟಾದರೆ ಕಸದ ಬುಟ್ಟಿ ಮೊದಲಿಗಿಂತ ಜಾಸ್ತಿಯೇ ತುಂಬುತ್ತದೆ! ಇನ್ನು ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳು? ಆ ಮೊದಲ ಪಟ್ಟಿಯಲ್ಲಿ ಅವುಗಳ ಹೆಸರೇ ಇರಲಿಲ್ಲ. ದೊಡ್ಡ ಚಿಮಣಿಗೆ ಲೆಕ್ಕ ಕೇಳದೆ ಹೊಗೆಯ ಸಂತೆ ನಡೆಸುವುದು ಮದುಮಗನಿಲ್ಲದ ಮದುವೆ.

ಇನ್ನೊಂದು ಅಪಾಯ. ಗುರಿ ಇಲ್ಲದವರೂ ತಾವಾಗಿ ಯೋಜನೆ ಮಾಡಿ ಕ್ರೆಡಿಟ್ ಹುಟ್ಟಿಸಬಹುದು ಎಂದು 2023ರ ಡಿಸೆಂಬರಿನಲ್ಲಿ ಬಾಗಿಲು ತೆರೆದಿದ್ದಾರೆ. ಮರ ನೆಡಿಸುವ, ಭತ್ತದ ನೀರು ಬಸಿಸುವ ಕಂಪನಿಗಳು ರೈತರ ಹತ್ತಿರ ಬರುತ್ತವೆ. ಕರಾರು ಇಪ್ಪತ್ತು, ಮೂವತ್ತು ವರ್ಷದ್ದಾಗಬಹುದು. ಊರಲ್ಲಿರುವ ನಿಮ್ಮಪ್ಪ, ದೊಡ್ಡಪ್ಪ ಹೆಬ್ಬೆಟ್ಟು ಒತ್ತುವ ಆ ಕಾಗದ ಯಾವ ಭಾಷೆಯಲ್ಲಿರುತ್ತದೆ? ಮರ ಕಡಿದರೆ ದಂಡ ಯಾರಿಗೆ? ಕ್ರೆಡಿಟ್ ಎಷ್ಟಕ್ಕೆ ಮಾರಾಟವಾಯಿತು, ಅದರಲ್ಲಿ ರೈತನ ಪಾಲೆಷ್ಟು? ಉತ್ತರ ಕನ್ನಡದಲ್ಲಿ ಬರೆದು ಕೈಗೆ ಕೊಡದಿದ್ದರೆ ಆ ಹೆಬ್ಬೆಟ್ಟಿಗೆ ಬೆಲೆಯಿಲ್ಲ ಎನ್ನುವ ಕಾನೂನು ಬೇಕು.

ನೀವು ಮಾಡಬೇಕಾದ್ದು

ಗಾಜಿನ ಕಟ್ಟಡದಲ್ಲಿ ಕೆಲಸ ಮಾಡುವ ಕನ್ನಡದ ಹುಡುಗರೇ, ಹುಡುಗಿಯರೇ, ನಿಮಗೆ ಇಂಗ್ಲಿಷ್ ಬರುತ್ತದೆ. ನಾನು ಈ ಲೇಖನಕ್ಕಾಗಿ ಡಿಗ್ರಿ ಓದುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿಕೊಂಡೆ. ನಿಮಗೆ ಆ ಕಷ್ಟವಿಲ್ಲ. ನಿಮ್ಮ ಇಂಗ್ಲಿಷ್ ಸಂಬಳಕ್ಕಷ್ಟೇ ಸೀಮಿತವಾಗದಿರಲಿ, ಊರಿನ ಉಪಯೋಗಕ್ಕೂ ಬರಲಿ.

ನಿಮ್ಮ ಕಂಪನಿ "ನಾವು ಕಾರ್ಬನ್ ನ್ಯೂಟ್ರಲ್" ಎಂದು ಗೋಡೆ ಮೇಲೆ ಬರೆಸಿದೆಯೇ? ಯಾವ ಗುಡ್ಡದ, ಯಾವ ಹೊಲದ ರಸೀದಿ ಕೊಂಡಿದ್ದೀರಿ ಎಂದು ಸಭೆಯಲ್ಲಿ ಎದ್ದು ಕೇಳಿ.

ನಿಮ್ಮ ಜಿಲ್ಲೆಯ ಯಾವ ಯಾವ ಯೋಜನೆ ಕ್ರೆಡಿಟ್ ಪಡೆದಿದೆ, ಊರಿನ ಸಭೆ ಎಂದು ನಡೆಯಿತು, ಯಾವ ಭಾಷೆಯಲ್ಲಿ ನಡೆಯಿತು ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಗಾಳಿ, ಸೌರ ವಿದ್ಯುತ್ ನೋಡಿಕೊಳ್ಳುವ ರಾಜ್ಯದ ಕ್ರೆಡಲ್ ಸಂಸ್ಥೆಗೂ ಹಾಕಿ. ಶುಲ್ಕ 10 ರೂಪಾಯಿ. 2005ರ ಆ ಕಾಯ್ದೆಯಲ್ಲಿ ಕನ್ನಡದಲ್ಲೇ ಅರ್ಜಿ ಹಾಕುವ ಹಕ್ಕು ನಿಮಗಿದೆ.

ನಮ್ಮ ಬೇಡಿಕೆ ಇಷ್ಟೇ. ಕರ್ನಾಟಕದ ನೆಲ, ಗಾಳಿ, ನೀರು ತೋರಿಸಿ ಹುಟ್ಟಿಸುವ ಪ್ರತಿಯೊಂದು ಕ್ರೆಡಿಟ್ಟಿನ ಯೋಜನೆಯೂ ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿ ಗೋಡೆ ಮೇಲೆ ಅಂಟಲಿ. ಎಷ್ಟು ಟನ್, ಯಾರು ಕೊಂಡರು, ಎಷ್ಟಕ್ಕೆ ಕೊಂಡರು ಎಂಬುದು ಅದರಲ್ಲಿರಲಿ. ಗ್ರಾಮಸಭೆ ಕನ್ನಡದಲ್ಲಿ ಓದಿ ಒಪ್ಪಿದ ಮೇಲೆಯೇ ರಸೀದಿಗೆ ನಂಬರು ಬೀಳಲಿ.

ಆ ಎರಡು ಸೆಟ್ ಕೇಳಿದ ವ್ಯಾಪಾರಿಯನ್ನು ನಾನು ಹೊರಗೆ ಕಳಿಸಿದ ದಿನ ನನ್ನ ಮೆಷಿನ್ ಖಾಲಿ ನಿಂತಿತ್ತು. ನಷ್ಟವಾಯಿತು, ನಿಜ. ಆದರೆ ನನ್ನ ಪ್ರೆಸ್ಸಿನ ಹೆಸರು ಕೆಳಗೆ ಅಚ್ಚಾದ ರಸೀದಿಯನ್ನು ಇವತ್ತಿಗೂ ಯಾರೂ ಅನುಮಾನದಿಂದ ನೋಡುವುದಿಲ್ಲ. ನಮ್ಮ ಗುಡ್ಡದ ಹೆಸರು, ನಮ್ಮ ಊರಿನ ಹೆಸರು ಅಚ್ಚಾಗುವ ರಸೀದಿಗೂ ಅಷ್ಟು ಮರ್ಯಾದೆ ಬೇಡವೇ? ಕೇಳಿ ಗೆಳೆಯರೇ. ಕನ್ನಡದಲ್ಲೇ ಕೇಳಿ. ಉತ್ತರ ಬರುವ ತನಕ ಕೇಳುತ್ತಲೇ ಇರಿ!